ಹಾಳೆಯ ಹಿಂಬದಿ

ಪ್ರಾಗ್ ನಗರದ ಯಹೂದಿ ಪ್ರಾರ್ಥನಾಮಂದಿರ ಪಿಂಕಾಸ್ ಸಿನಗಾಗ್‌ನೊಳಗೆ ಕಾಲಿಟ್ಟ ಕೂಡಲೇ ಕಾಣುವುದು ಬೂದು ಬಣ್ಣದ ಗೋಡೆ, ಅಷ್ಟೆ. ಸುಣ್ಣದ ಮೇಲೆ ಯಾರೋ ತೆಳ್ಳನೆಯ ಸೊಳ್ಳೆಪರದೆ ಹೊದಿಸಿದ ಹಾಗಿರುತ್ತದೆ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಪರದೆ ಬಿಡಿಬಿಡಿಯಾಗಿ ಅಕ್ಷರವಾಗುತ್ತದೆ. ಕೆಂಪು ಅಕ್ಷರ, ಕಪ್ಪು ಅಕ್ಷರ. ಮೊದಲು ಮನೆತನದ ಹೆಸರು, ಆಮೇಲೆ ಆ ಮನೆಯ ಒಬ್ಬೊಬ್ಬರ ಹೆಸರು, ಹುಟ್ಟಿದ ತಾರೀಕು, ಬದುಕಿದ್ದರೆಂದು ಖಚಿತವಾಗಿ ಗೊತ್ತಿರುವ ಕೊನೆಯ ತಾರೀಕು. ಅಲ್ಲಿಗೆ ಆ ಮನೆ ಮುಗಿಯಿತು. ಪಕ್ಕದಲ್ಲೇ ಇನ್ನೊಂದು ಮನೆ ಶುರು. ನೆಲದ ಹತ್ತಿರದಿಂದ ಹಿಡಿದು ಕತ್ತೆತ್ತಿದರೂ ಓದಲಾಗದಷ್ಟು ಎತ್ತರದವರೆಗೆ, ಕೋಣೆಯಿಂದ ಕೋಣೆಗೆ, ಸಂದುಗೊಂದು ಬಿಡದೆ ಹೀಗೇ. ಇಂದಿನ ಚೆಕ್ ಗಣರಾಜ್ಯದ ಬೊಹೆಮಿಯಾ, ಮೊರಾವಿಯಾ ಪ್ರಾಂತ್ಯಗಳವರಾದ, ನಾಜಿಗಳು ಕೊಂದ ಸುಮಾರು 78,000 ಯಹೂದಿಗಳ ಹೆಸರುಗಳಿವು.

ಸಾಮಾನ್ಯವಾಗಿ ಇಂಥ ಸ್ಮಾರಕಗಳಲ್ಲಿ ಹೆಸರನ್ನು ಕಲ್ಲಿನಲ್ಲಿ ಕೊರೆಯುತ್ತಾರೆ, ಇಲ್ಲವೇ ಲೋಹದಲ್ಲಿ ಎರಕ ಹೊಯ್ಯುತ್ತಾರೆ. ಇಲ್ಲಿ ಕುಂಚದಿಂದ ಬರೆದಿದ್ದಾರೆ. ಒಂದೇ ಅಕ್ಷರ ಒಂದು ಸಾಲಿನಲ್ಲಿ ಕೊಂಚ ದಪ್ಪ, ಮುಂದಿನ ಸಾಲಿನಲ್ಲಿ ಕೊಂಚ ಬಡಕಲು. ಎಲ್ಲೋ ಬಣ್ಣ ಒಣಗುತ್ತ ಬಂದಿದೆ, ಮತ್ತೆ ಅದ್ದಿಕೊಂಡಿದ್ದಾರೆ. ಅದು ಕಣ್ಣಿಗೆ ಬಿದ್ದ ಮೇಲೆ ನಾನು ಹೆಸರು ಓದುವುದನ್ನು ಬಿಟ್ಟು ಬರವಣಿಗೆಯನ್ನೇ ನೋಡುತ್ತ ನಿಂತೆ. 78,000 ಎಂಬ ಸಂಖ್ಯೆ ನನ್ನೊಳಗೆ ಇಳಿಯುವುದಿಲ್ಲ. ಯಾರೊಳಗೂ ಇಳಿಯುವುದಿಲ್ಲವೆಂದೇ ನನ್ನ ಗುಮಾನಿ. ಕುಂಚ ಹಿಡಿದು ಅಷ್ಟೂ ಹೆಸರನ್ನು ಒಂದೊಂದಾಗಿ ಬರೆದ ಕೈಯ ನೋವು ಮಾತ್ರ ತಟ್ಟನೆ ಅರ್ಥವಾಗುತ್ತದೆ.

ಪ್ರಾಗ್‌ನವರ ಹೆಸರುಗಳು ನಡುಮನೆಯಂಥ ದೊಡ್ಡ ಸಭಾಂಗಣದಲ್ಲಿವೆ. ಉಳಿದ ಊರುಗಳವರದು ಊರಿನ ಹೆಸರಿನಡಿ, ಅಕಾರಾದಿಯಾಗಿ. ಈ ಗೋಡೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಇದೇ ಊರಿನ ಲೇಖಕ ಕಾಫ್ಕಾ 1924ರಲ್ಲೇ ಕ್ಷಯದಿಂದ ತೀರಿಕೊಂಡ, ಬಚಾವಾದ ಎನ್ನಬೇಕೋ ಏನೋ. ಅವನ ಮೂವರು ತಂಗಿಯರೂ ಕೊಲೆಯಾದರು. ಕೊನೆಯವಳು ಓಟ್ಲಾ, ಅಣ್ಣನಿಗೆ ಎಲ್ಲರಿಗಿಂತ ಹತ್ತಿರದವಳು. ನಾಜಿಗಳ ಕೂಡುದೊಡ್ಡಿಯಾಗಿದ್ದ ಟೆರೆಜಿನ್‌ನಲ್ಲಿ ಬಂಧಿಯಾಗಿದ್ದ ಆಕೆ 1943ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಬಿಯಾಲಿಸ್ಟಾಕ್‌ನಿಂದ ತಂದಿದ್ದ ಅನಾಥ ಮಕ್ಕಳ ಜೊತೆಗೆ ತಾನೂ ಹೋಗುತ್ತೇನೆಂದು ಮುಂದೆ ಬಂದಳು. ರೈಲು ಹೋದದ್ದು ಹತ್ಯಾಶಿಬಿರವಾದ ಆಷ್ವಿಟ್ಜ್‌ಗೆ.

ಇನ್ನೊಂದು ಎಳೆ ನಮ್ಮ ಕಡೆಗೇ ಬರುತ್ತದೆ. ನಮ್ಮೂರ ಪೇಟೆಬೀದಿಗಳಲ್ಲೆಲ್ಲ ಕೆಂಪು ಬೋರ್ಡು ಹಾಕಿಕೊಂಡಿರುವ ಬಾಟಾ ಅಂಗಡಿಯ ಮೂಲ ಮೊರಾವಿಯಾದ ಜ್ಲೀನ್ ಎಂಬ ಊರು. ನಾಜಿಗಳು ಬರುತ್ತಿದ್ದ ಹೊತ್ತಿನಲ್ಲಿ ಆ ಕಂಪನಿ ತನ್ನ ಯಹೂದಿ ನೌಕರರಲ್ಲಿ ಹಲವರನ್ನು ಹೊರದೇಶದ ಶಾಖೆಗಳಿಗೆ ಕಳಿಸಿಬಿಟ್ಟಿತು. ಕಂಪನಿಯ ಡಾಕ್ಟರೊಬ್ಬರು ಹೆಂಡತಿ, ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ಸಿಂಗಪುರಕ್ಕೆ ಹೋದರು. ಯುದ್ಧ ಅಲ್ಲಿಗೂ ಬಂತು. ಡಾಕ್ಟರು ತೀರಿಕೊಂಡರು, ತಾಯಿ ಮಕ್ಕಳು ಭಾರತಕ್ಕೆ ಬಂದಿಳಿದರು, ಡಾರ್ಜಿಲಿಂಗ್‌ನಲ್ಲಿ ತಾಯಿ ಬಾಟಾ ಅಂಗಡಿ ನೋಡಿಕೊಂಡರು, ಮಕ್ಕಳು ಅಲ್ಲೇ ಶಾಲೆಗೆ ಹೋದರು. ಅವರಲ್ಲಿ ಕಿರಿಯವನೇ ಮುಂದೆ ಇಂಗ್ಲಿಷಿನ ದೊಡ್ಡ ನಾಟಕಕಾರನಾದ ಟಾಮ್ ಸ್ಟಾಪರ್ಡ್. ತನ್ನ ನಾಲ್ವರು ಅಜ್ಜ ಅಜ್ಜಿಯರೂ ಯಹೂದಿಗಳು, ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತವರು ಎಂಬುದು ಅವರಿಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ತಾಯಿ ಹೇಳಿರಲಿಲ್ಲ. ಮಗ ಲಂಡನ್ನಿನಲ್ಲಿ ನಾಟಕ ಬರೆಯುತ್ತಿದ್ದಷ್ಟು ಕಾಲವೂ ಅವನ ವಂಶಾವಳಿ ಪ್ರಾಗ್‌ನ ಈ ಕಟ್ಟಡದಲ್ಲಿ ತನ್ನ ಪಾಡಿಗೆ ತಾನಿತ್ತು.

ಇತ್ತು ಎನ್ನುವುದೂ ಪೂರ್ತಿ ಸರಿಯಲ್ಲ. ಈ ಗೋಡೆಗಳಿಗೆ ಅವುಗಳದ್ದೇ ಒಂದು ಕಥೆಯಿದೆ. ಸಿನಗಾಗ್ 1535ರದು. ಯುದ್ಧ ಮುಗಿದ ಮೇಲೆ 1954ರಿಂದ 1959ರವರೆಗೆ ವಾತ್ಸ್ಲಾವ್ ಬೋಶ್ತೀಕ್, ಯಿರ್ಷಿ ಯೋನ್ ಎಂಬ ಇಬ್ಬರು ಕಲಾವಿದರು ಗೋಡೆಗಳ ಮೇಲೆ ಈ ಹೆಸರುಗಳನ್ನು ಬರೆದರು. 1960ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಎಂಟೇ ವರ್ಷ. ವಲ್ಟಾವಾ ನದಿ ಕೂಗಳತೆಯಲ್ಲಿದೆ, ಕಟ್ಟಡದ ಪಾಯ ಹಳೆಯದು, ನೆಲದೊಳಗಿನ ನೀರು ಗೋಡೆಗೇರಿ ಅಕ್ಷರಗಳು ಉದುರತೊಡಗಿದವು. 1968ರಲ್ಲಿ, ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ವರ್ಷ, ರಿಪೇರಿಯ ಹೆಸರಿನಲ್ಲಿ ಬಾಗಿಲು ಹಾಕಿದರು. ನೀರು ಬಂದದ್ದು ಸುಳ್ಳಲ್ಲ. ಆದರೆ ಒಂದು ಗೋಡೆಯ ತೇವ ಆರಿಸಲು ಎರಡು ದಶಕ ಬೇಕಾಗುವುದಿಲ್ಲ. ಯಹೂದಿಗಳ ವಿಷಯ ಹೊರಬರದಿದ್ದರೆ ಒಳ್ಳೆಯದು ಎಂದುಕೊಂಡಿದ್ದ ಸರ್ಕಾರಕ್ಕೆ ಆ ತೇವ ಅನುಕೂಲವಾಗಿಯೇ ಬಂದಿರಬೇಕು ಎಂದು ನನಗನಿಸುತ್ತದೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ, 1992ರಿಂದ 1996ರವರೆಗೆ, ಹಾಳಾಗಿದ್ದ ಹೆಸರುಗಳನ್ನು ಮತ್ತೆ ಕೈಯಲ್ಲೇ ಬರೆದರು. 2002ರಲ್ಲಿ ವಲ್ಟಾವಾ ಉಕ್ಕಿ ಹರಿದು ಕೆಳಗಿನ ಸಾಲುಗಳು ಮತ್ತೆ ಕೆಟ್ಟವು. ಮತ್ತೆ ಸರಿಮಾಡಿದರು. ಗ್ರಾನೈಟ್ ಚಪ್ಪಡಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ.

ಇಂಥ ಜಾಗದಲ್ಲಿ ನಿಂತು ಸೋಜಿಗಪಡಬಹುದೇ ಎಂಬುದು ನನ್ನನ್ನು ಬಹಳ ಕಾಡಿತು. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ, ವೀರದಿಂದ ಅದ್ಭುತ ಹುಟ್ಟುತ್ತದೆ ಎಂದು ಭರತಮುನಿ ಲೆಕ್ಕ ಹಾಕಿಟ್ಟಿದ್ದಾನೆ. ಆ ಲೆಕ್ಕದ ಪ್ರಕಾರ ಇಲ್ಲಿ ಹೆದರಿಕೆಯಾಗಬೇಕು, ಹೊಟ್ಟೆ ತೊಳಸಬೇಕು. ಆಗುವುದೂ ಹೌದು. ಆದರೆ ಅದರ ಮಗ್ಗುಲಲ್ಲೇ ವಿಸ್ಮಯವೂ ಕೂತಿತ್ತು. ಎಬ್ಬಿಸಿ ಕಳಿಸಲು ನೋಡಿದರೂ ಏಳಲಿಲ್ಲ. ವೀರವಿಲ್ಲದೆ ಅದ್ಭುತ ಎಲ್ಲಿಂದ ಬಂತು? ಐದು ವರ್ಷ ಏಣಿ ಹತ್ತಿ ಇಳಿದು ಸತ್ತವರ ಹೆಸರು ಬರೆಯುವುದನ್ನು ವೀರವೆನ್ನಲು ನಮ್ಮ ಲಾಕ್ಷಣಿಕರು ಒಪ್ಪುತ್ತಿದ್ದರೋ ಇಲ್ಲವೋ. ನಾನಂತೂ ಒಪ್ಪಿಬಿಟ್ಟೆ. ಶ್ರದ್ಧೆಯೇ ಇಲ್ಲಿಯ ಅದ್ಭುತ ಎಂದುಕೊಂಡು ಸಮಾಧಾನವನ್ನೂ ಪಟ್ಟೆ.

ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಗೋಡೆಯ ಮೇಲಿನ ಈ ಹೆಸರುಗಳು, ಈ ತಾರೀಕುಗಳು ಸಿಕ್ಕಿದ್ದಾದರೂ ಎಲ್ಲಿಂದ? ಬದುಕಿ ಬಂದವರು ಹೇಳಿದ್ದು ಒಂದು ಪಾಲು. ದೊಡ್ಡ ಪಾಲು ಸಿಕ್ಕಿದ್ದು ಸಾಗಣೆಯ ಪಟ್ಟಿಗಳಿಂದ. ಯಾವ ದಿನ, ಯಾವ ರೈಲಿಗೆ, ಯಾರು ಯಾರು ಎಂದು ನಾಜಿ ಆಡಳಿತ ಅಚ್ಚುಕಟ್ಟಾಗಿ ಟೈಪ್ ಮಾಡಿಸಿಟ್ಟಿದ್ದ ಕಾಗದಗಳು. ಆ ಕೆಲಸಕ್ಕೂ ಯಹೂದಿ ಸಮುದಾಯದ ಕಚೇರಿಯನ್ನೇ ಹಚ್ಚಿದ್ದರು. ಒಂದೊಂದು ಸಾಗಣೆಗೆ ಸುಮಾರು ಸಾವಿರ ಜನ. ತಲಾ 50 ಕಿಲೋ ಸಾಮಾನು ತರಬಹುದು. ಪ್ರಾಗ್‌ನ ವಸ್ತುಪ್ರದರ್ಶನ ಮೈದಾನದ ಮರದ ಕೊಟ್ಟಿಗೆಗಳಲ್ಲಿ ಕೂಡಿಹಾಕಿ, ಪ್ರತಿಯೊಬ್ಬರಿಗೂ ಸಾಗಣೆಯ ಅಕ್ಷರ ಮತ್ತು ಒಂದು ನಂಬರು ಕೊಟ್ಟು, ಹತ್ತಿರದ ಸ್ಟೇಷನ್ನಿನಿಂದ ರೈಲು ಹತ್ತಿಸುತ್ತಿದ್ದರು. ಒಂದು ಹೆಸರೂ ತಪ್ಪಬಾರದು, ಒಂದು ತಾರೀಕೂ ಅಳಿಸಬಾರದು. ಅಲ್ಲಿಯೂ ಇದ್ದದ್ದು ಶ್ರದ್ಧೆಯೇ. ಗೋಡೆಗೆ ಬರೆದವರು ನಂಬರು ಬಿಟ್ಟರು, ಹೆಸರು ಉಳಿಸಿಕೊಂಡರು. ಮಾಹಿತಿ ಮಾತ್ರ ಬಹುಪಾಲು ಅದೇ.

ಸಿನಗಾಗ್ ಸೇರಿರುವ ಪ್ರಾಗ್ ಯಹೂದಿ ವಸ್ತುಸಂಗ್ರಹಾಲಯದ ಚರಿತ್ರೆಯೂ ಹೀಗೇ ಎರಡು ಮೊನೆಯದು. ಅದು ಶುರುವಾದದ್ದು 1906ರಲ್ಲಿ, ಸಣ್ಣದಾಗಿ. ಬೃಹತ್ತಾಗಿ ಬೆಳೆದದ್ದು 1942ರ ನಂತರ, ನಾಜಿ ಆಡಳಿತದಲ್ಲಿ. ಊರೂರ ಯಹೂದಿಗಳನ್ನು ಸಾಗಿಸಿದ ಹಾಗೆಲ್ಲ ಅವರ ಪ್ರಾರ್ಥನಾಮಂದಿರಗಳ ಬೆಳ್ಳಿ ಪಾತ್ರೆ, ಜರಿಯ ತೆರೆ, ಧರ್ಮಗ್ರಂಥ ತೋರಾದ ಸುರುಳಿ ಎಲ್ಲ ಪ್ರಾಗ್‌ಗೆ ಬಂದು ಬೀಳುತ್ತಿದ್ದವು. ಅವನ್ನು ಬಿಚ್ಚಿ, ಒರೆಸಿ, ಅಳೆದು, ಯಾವ ಊರಿನದು, ಯಾವ ಕಾಲದ್ದು ಎಂದು ಕಾರ್ಡು ಬರೆದವರು ಯಹೂದಿ ವಿದ್ವಾಂಸರೇ. ಬರೆಯುವವರಿಗೆ ತಮ್ಮ ಸರದಿಯೂ ಬರುತ್ತದೆಂದು ಗೊತ್ತಿತ್ತು. ಬಹುಮಟ್ಟಿಗೆ ಎಲ್ಲರಿಗೂ ಬಂತು. ಹಾನಾ ವೊಲಾವ್ಕೋವಾ ಎಂಬಾಕೆ ಉಳಿದರು. ಯುದ್ಧದ ನಂತರ ಸಂಗ್ರಹಾಲಯದ ನಿರ್ದೇಶಕಿಯಾದರು. ಆ ಕಾರ್ಡುಗಳಲ್ಲಿ ಕೆಲಸಗಳ್ಳತನದ ಗುರುತಿಲ್ಲವಂತೆ. ಕೊಲ್ಲುವವನ ಕಚೇರಿಯಲ್ಲಿ ಕೂತು ಅವರು ಅಷ್ಟು ನಿಷ್ಠೆಯಿಂದ ಬರೆದದ್ದು ಯಾಕೆ? ಆಯುಷ್ಯದ ನಾಲ್ಕು ದಿನ ಹೆಚ್ಚಲಿ ಎಂದೇ? ತಾವಿಲ್ಲದಿದ್ದರೂ ಆ ಬೆಳ್ಳಿ ದೀಪದ ಊರು ಯಾವುದೆಂದು ಮುಂದಿನವರಿಗೆ ತಿಳಿಯಲಿ ಎಂದೇ? ಎರಡೂ ಇದ್ದಿರಬಹುದು. ಬೆಚ್ಚಗೆ ಕೂತು ಇದನ್ನು ಬರೆಯುತ್ತಿರುವ ನಾನು ಎರಡರಲ್ಲೊಂದನ್ನು ಆರಿಸಿ ಕೊಡುವುದು ಅಧಿಕಪ್ರಸಂಗವಾದೀತು.

ಮೇಲಿನ ಅಂತಸ್ತಿಗೆ ಮೆಟ್ಟಿಲು ಹತ್ತಿದರೆ ಮಕ್ಕಳ ಚಿತ್ರಗಳಿವೆ. ಟೆರೆಜಿನ್‌ನಲ್ಲಿ ಬರೆದವು. ಪ್ರಾಗ್‌ನಿಂದ ಉತ್ತರಕ್ಕಿರುವ ಟೆರೆಜಿನ್ ಹಳೆಯ ಕೋಟೆಪಟ್ಟಣ. ಹದಿನೆಂಟನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕಟ್ಟಿಸಿ ತಾಯಿ ಮರಿಯಾ ತೆರೇಸಾಳ ಹೆಸರಿಟ್ಟದ್ದು. 1941ರ ನವೆಂಬರ್‌ನಿಂದ ನಾಜಿಗಳು ಅದನ್ನು ಯಹೂದಿಗಳ ಕೂಡುದೊಡ್ಡಿ ಮಾಡಿದರು. ಹಸಿವು, ಜಾಡ್ಯದಿಂದ ಅಲ್ಲೇ ಸತ್ತವರು ಸುಮಾರು 33,000. ಅಲ್ಲಿಂದ ಮುಂದಕ್ಕೆ, ಹೆಚ್ಚಾಗಿ ಆಷ್ವಿಟ್ಜ್‌ಗೆ, ಸಾಗಿಸಿದ್ದು ಸುಮಾರು 88,000 ಜನರನ್ನು. 1944ರ ಜೂನ್ 23ರಂದು ರೆಡ್‌ಕ್ರಾಸ್‌ನವರು ನೋಡಲು ಬಂದಾಗ ಬೀದಿಗಳಿಗೆ ಬಣ್ಣ ಬಳಿದು, ಹೂಗಿಡ ನೆಟ್ಟು, ಮಕ್ಕಳಿಂದ ‘ಬ್ರುಂಡಿಬಾರ್’ ಗೀತನಾಟಕ ಆಡಿಸಿ ತೋರಿಸಿದರು. ಊರು ಕಿಕ್ಕಿರಿದು ಕಾಣಬಾರದೆಂದು ಅದಕ್ಕೆ ಮುಂಚಿನ ತಿಂಗಳೇ ಸುಮಾರು 7,500 ಜನರನ್ನು ಆಷ್ವಿಟ್ಜ್‌ಗೆ ಅಟ್ಟಿದ್ದರು. ಬಂದವರು ನೋಡಿದರು, ಮೆಚ್ಚಿದರು, ಹೋದರು.

ಆ ಮಕ್ಕಳಿಗೆ ಚಿತ್ರ ಕಲಿಸಿದ ಟೀಚರು ಫ್ರೀಡಲ್ ಡಿಕರ್ ಬ್ರಾಂಡೈಸ್ 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಜರ್ಮನಿಯ ಹೆಸರಾಂತ ಬೌಹೌಸ್ ಕಲಾಶಾಲೆಯಲ್ಲಿ ಯೋಹಾನೆಸ್ ಇಟ್ಟನ್, ಪೌಲ್ ಕ್ಲೇ ಅಂಥವರ ಕೈಕೆಳಗೆ ಕಲಿತವರು. ನೇಯ್ಗೆ, ಪುಸ್ತಕದ ರಟ್ಟು ಕಟ್ಟುವುದು, ಪೀಠೋಪಕರಣ ಎಲ್ಲಕ್ಕೂ ಕೈ ಹಾಕಿದವರು. 1942ರ ಡಿಸೆಂಬರ್‌ನಲ್ಲಿ ಟೆರೆಜಿನ್‌ಗೆ ಹೊರಡಬೇಕಾದಾಗ ತಮ್ಮ ಪಾಲಿನ 50 ಕಿಲೋದಲ್ಲಿ ಅವರು ತುಂಬಿಕೊಂಡದ್ದು ಹೆಚ್ಚಾಗಿ ಕಾಗದ, ಬಣ್ಣ, ಚಿತ್ರಕಲೆಯ ಸಾಮಾನು. ಈ ಸಂಗತಿಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೋ. ಚಳಿಗಾಲ. ಎಲ್ಲಿಗೆ, ಎಷ್ಟು ದಿನಕ್ಕೆ ಎಂಬುದು ತಿಳಿಯದು. ಪೆಟ್ಟಿಗೆಯಲ್ಲಿ ಕಂಬಳಿಗೆಷ್ಟು ಜಾಗ, ಬಣ್ಣಕ್ಕೆಷ್ಟು ಜಾಗ? ನಾನಾಗಿದ್ದರೆ ಅಕ್ಕಿಹಿಟ್ಟು ಉಪ್ಪಿನಕಾಯಿ ತುಂಬುತ್ತಿದ್ದೆ, ಅನುಮಾನವೇ ಇಲ್ಲ.

ಟೆರೆಜಿನ್‌ನ ಮಕ್ಕಳ ಮನೆಗಳಲ್ಲಿ ಅವರು ಗುಟ್ಟಾಗಿ ಚಿತ್ರದ ಪಾಠ ನಡೆಸಿದರು. ‘ನಿನ್ನ ದುಃಖ ಬರಿ’ ಎಂದು ಮಕ್ಕಳನ್ನು ಹಿಡಿದು ಕೂರಿಸುವ ಪಾಠವಲ್ಲ. ಗೆರೆಗೆ ಲಯ ಬರಿಸುವ ಅಭ್ಯಾಸ, ಎದುರಿಗಿಟ್ಟ ಹೂಜಿಯನ್ನು ನೋಡಿ ಬರೆಯುವುದು, ಹಳೆಯ ಮೇರು ಕಲಾವಿದರ ಚಿತ್ರಗಳನ್ನು ನೋಡಿ ತಮ್ಮದೇ ರೀತಿಯಲ್ಲಿ ಮತ್ತೆ ಕಟ್ಟುವುದು, ಕಾಗದ ಹರಿದು ಅಂಟಿಸುವುದು. ಬರೆದಾದ ಮೇಲೆ ಪ್ರತಿ ಮಗುವೂ ಹೆಸರು ಹಾಕಲೇಬೇಕು, ಅದು ಕಟ್ಟುನಿಟ್ಟು. ಊರಿಡೀ ನಂಬರಿನಿಂದ ಕರೆಯುತ್ತಿದ್ದ ಜಾಗದಲ್ಲಿ ಇದೊಂದು ಟೀಚರ ಹಟ.

ಕಾಗದಕ್ಕೆ ಬರ. ಹಾಗಾಗಿ ಮಕ್ಕಳು ಕಚೇರಿಯಲ್ಲಿ ಬಳಸಿ ಎಸೆದ ಹಾಳೆ, ಅಚ್ಚು ಹಾಕಿದ ಫಾರಂ, ಯಾವುದು ಸಿಕ್ಕರೆ ಅದರ ಮೇಲೆ ಬರೆದರು. ಗಾಜಿನ ಆಚೆಗಿನ ಒಂದು ಅಂಟುಚಿತ್ರದ ಮುಂದೆ ಬಗ್ಗಿ ನೋಡಿದೆ. ಬೆಟ್ಟ, ಮನೆ, ಮರ. ಮರದ ಎಲೆಗಳಿಗೆ ಹರಿದು ಹಚ್ಚಿದ ಚೂರುಗಳು ಯಾವುದೋ ಲೆಕ್ಕದ ಫಾರಂನವು. ಅಡ್ಡಗೆರೆ, ಉದ್ದಗೆರೆಯ ಕಂಬಸಾಲುಗಳು ಹಾಗೇ ಕಾಣುತ್ತಿದ್ದವು. ಹರಿದದ್ದು ಕತ್ತರಿಯಲ್ಲಲ್ಲ, ಬೆರಳಲ್ಲಿ, ಅಂಚು ನಾರುನಾರು. ಅಂಟು ಕಂದಿದೆ. ಮೂಲೆಯಲ್ಲಿ ಪೆನ್ಸಿಲಿನ ಹೆಸರು, ಎರಡನೇ ಅಕ್ಷರ ತಿದ್ದಿ ಬರೆದದ್ದು. ಕೆಳಗಿನ ಅಂತಸ್ತಿನಲ್ಲಿ ನನಗೆ ಗಂಟುಬಿದ್ದಿದ್ದ ಪ್ರಶ್ನೆಗೆ ಇದು ಉತ್ತರವಲ್ಲ, ಆದರೆ ಉತ್ತರ ಹುಡುಕುವ ದಿಕ್ಕು ಇದೇ ಎನಿಸಿತು. ಜನರನ್ನು ಸಾಲಿನಲ್ಲಿ ಬರೆದು ಮುಗಿಸಲು ಗೆರೆ ಎಳೆದ ಕಾಗದವನ್ನೇ ಆ ಟೀಚರು ಮಗುಚಿ ಮಗುವಿನ ಮುಂದಿಟ್ಟಿದ್ದರು. ಒಂದೇ ಹಾಳೆಗೆ ಎರಡು ಮುಖ. ಬರೀ ಅಚ್ಚುಕಟ್ಟಿನಲ್ಲಿ, ಬರೀ ಶ್ರದ್ಧೆಯಲ್ಲಿ ಪುಣ್ಯವೇನೂ ಇಲ್ಲ. ಯಾವ ಮಗ್ಗುಲಿನಲ್ಲಿ ಬರೆಯುತ್ತಿದ್ದೇವೆ ಎಂಬುದರಲ್ಲೇ ಎಲ್ಲ ಇದೆ. ಅಷ್ಟನ್ನು ಹೇಳಿಕೊಳ್ಳಲು ನನಗೆ ಎರಡು ಅಂತಸ್ತು ಬೇಕಾಯಿತು.

1944ರ ಸೆಪ್ಟೆಂಬರ್ ಕೊನೆಗೆ ಫ್ರೀಡಲ್ ಅವರ ಗಂಡ ಪಾವೆಲ್‌ನನ್ನು ಸಾಗಿಸಿದರು. ಹಿಂದೆಯೇ ಹೋಗಲು ಅವರು ತಾವಾಗಿ ಹೆಸರು ಕೊಟ್ಟರು. ಹೊರಡುವ ಮುಂಚೆ ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಚ್ಚಿಟ್ಟರು. ಅಕ್ಟೋಬರ್‌ನಲ್ಲಿ ಆಷ್ವಿಟ್ಜ್‌ನಲ್ಲಿ ಅವರನ್ನು ಕೊಂದರು. ಗಂಡ ಬದುಕಿದ. ಚಿತ್ರ ಬರೆದ ಮಕ್ಕಳಲ್ಲಿ ಹೆಚ್ಚಿನವರು ಸತ್ತರು. ಸೂಟ್‌ಕೇಸುಗಳು ಉಳಿದವು, 1945ರಲ್ಲಿ ಪ್ರಾಗ್‌ನ ಯಹೂದಿ ಸಮುದಾಯದ ಕಚೇರಿಗೆ ಬಂದು ಸೇರಿದವು. ಮಕ್ಕಳ ಬದಲಿಗೆ ಕಾಗದ ಉಳಿಯಿತಲ್ಲ ಎಂದು ನೆಮ್ಮದಿ ಪಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ತಕ್ಕಡಿಯೂ ಅದನ್ನು ಸರಿದೂಗಿಸುವುದಿಲ್ಲ. ಹಾಗಿದ್ದೂ ಕಾಗದ ಉಳಿಯುವ ಬಗೆ ಸೋಜಿಗವೇ, ಮತ್ತು ಆ ಸೋಜಿಗ ಪೀಟರ್ ಗಿನ್ಜ್ ಎಂಬ ಹುಡುಗನ ವಿಷಯದಲ್ಲಿ ನಂಬಲಾಗದ ದಾರಿ ಹಿಡಿಯಿತು.

ಪೀಟರ್ ಹುಟ್ಟಿದ್ದು 1928ರ ಫೆಬ್ರುವರಿ 1ರಂದು, ಪ್ರಾಗ್‌ನಲ್ಲಿ. ತಂದೆ ಯಹೂದಿ, ತಾಯಿ ಅಲ್ಲ. ತಂದೆತಾಯಿಗೆ ಎಸ್ಪರಾಂಟೊ ಭಾಷೆಯ ಹುಚ್ಚು. ಹುಡುಗನಿಗೆ ಕಾದಂಬರಿಕಾರ ಜೂಲ್ ವರ್ನ್‌ನ ಹುಚ್ಚು. ತಾನೇ ಕಾದಂಬರಿ ಬರೆದು ತಾನೇ ಚಿತ್ರ ಹಾಕುತ್ತಿದ್ದ. 14ನೇ ವಯಸ್ಸಿಗೆ ಅವನನ್ನು ಒಬ್ಬನೇ ಟೆರೆಜಿನ್‌ಗೆ ಕಳಿಸಿದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಗಂಡುಹುಡುಗರ ಮನೆಯಲ್ಲಿ ‘ವೇದೆಮ್’ ಎಂಬ ವಾರಪತ್ರಿಕೆಗೆ ಸಂಪಾದಕನಾದ. ಪತ್ರಿಕೆಗೆ ಒಂದೇ ಪ್ರತಿ. ಶುಕ್ರವಾರ ಎಲ್ಲರೂ ಸೇರಿ ಜೋರಾಗಿ ಓದುತ್ತಿದ್ದರು. ಅದರ ಸುಮಾರು 800 ಪುಟ ಇಂದಿಗೂ ಇವೆ. ಕೋಟೆಯ ದಿಬ್ಬ ದಾಟಿ ಆಚೆ ಹೋಗಲಾಗದ ಆ ಹುಡುಗ ಒಂದು ಚಿತ್ರ ಬರೆದ. ಚಂದ್ರನ ಮೊನಚು ಬೆಟ್ಟಗಳು. ಅವುಗಳ ಮೇಲೆ ಕಪ್ಪು ಆಕಾಶದಲ್ಲಿ ತೇಲುವ ಭೂಮಿ. ಚಂದ್ರನ ಬಳಿಯಿಂದ ಭೂಮಿಯನ್ನು ಮನುಷ್ಯ ಕಣ್ಣಾರೆ ನೋಡಿದ್ದು 1968ರ ಡಿಸೆಂಬರ್‌ನಲ್ಲಿ, ಅಪೊಲೊ 8ರಲ್ಲಿ ಹೋದವರು. ಪೀಟರ್‌ನನ್ನು 1944ರಲ್ಲಿ, 16ನೇ ವಯಸ್ಸಿನಲ್ಲಿ, ಆಷ್ವಿಟ್ಜ್‌ನಲ್ಲಿ ಕೊಂದಿದ್ದರು.

ಆ ಚಿತ್ರ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸೇರಿತು. ಇಸ್ರೇಲಿನ ಮೊದಲ ಗಗನಯಾತ್ರಿ ಇಲಾನ್ ರಮೋನ್ ಆಷ್ವಿಟ್ಜ್‌ನಿಂದ ಬದುಕಿ ಬಂದ ತಾಯಿಯ ಮಗ. ಬಾಹ್ಯಾಕಾಶಕ್ಕೆ ಜೊತೆಯಲ್ಲೊಯ್ಯಲು ಅವರು ಅದರ ಒಂದು ಪ್ರತಿಯನ್ನು ಪಡೆದುಕೊಂಡರು. ಅವರು ಏರಿದ ನೌಕೆ ಕೊಲಂಬಿಯಾ. ಹೌದು, ನಮ್ಮ ಕಲ್ಪನಾ ಚಾವ್ಲಾ ಇದ್ದ ಅದೇ ಕೊಲಂಬಿಯಾ. 2003ರ ಫೆಬ್ರುವರಿ 1ರ ಸಂಜೆ ಟಿ.ವಿ. ಮುಂದೆ ಕೂತು, ಮರಳುತ್ತಿದ್ದ ನೌಕೆ ಒಡೆದು ಆಕಾಶದಲ್ಲಿ ಬಿಳಿ ಗೆರೆಯೊಂದು ಸೀಳಿಕೊಂಡು ಹಲವಾಗುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದುದನ್ನು ನಮ್ಮಲ್ಲಿ ಮರೆತವರಿಲ್ಲ. ಕರ್ನಾಟಕ ಸರ್ಕಾರ ಆಕೆಯ ಹೆಸರಿನಲ್ಲಿ ಯುವ ವಿಜ್ಞಾನಿ ಮಹಿಳೆಯರಿಗೆ ಪ್ರಶಸ್ತಿಯನ್ನೂ ಸ್ಥಾಪಿಸಿತು. ನಾವು ಕಲ್ಪನಾಗಾಗಿ ಕಣ್ಣೀರು ಹಾಕುತ್ತಿದ್ದ ಆ ಗೆರೆಯೊಳಗೆ ಟೆರೆಜಿನ್‌ನ ಹುಡುಗನ ಚಂದ್ರನೂ ಉರಿಯುತ್ತಿತ್ತು ಎಂದು ನಮ್ಮಲ್ಲಿ ಯಾರಿಗೆ ತಿಳಿದಿತ್ತು? ಪೀಟರ್ ಬದುಕಿದ್ದರೆ ಅಂದು ಅವನಿಗೆ 75 ತುಂಬುತ್ತಿತ್ತು. ಇದರಲ್ಲಿ ದೈವಸಂಕಲ್ಪ ಹುಡುಕಲು ನನ್ನ ಮನಸ್ಸು ಒಪ್ಪುವುದಿಲ್ಲ. ದೈವಕ್ಕೆ ತಾರೀಕು ಹೊಂದಿಸುವಷ್ಟು ಪುರುಸೊತ್ತಿದ್ದರೆ 1944ರಲ್ಲಿ ಎಲ್ಲಿ ಹೋಗಿತ್ತು?

ರಮೋನ್ ನೌಕೆಯಲ್ಲಿ ಬರೆದಿದ್ದ ದಿನಚರಿಯ 37 ಪುಟಗಳು ಉರಿದು ಬಿದ್ದ ಅವಶೇಷಗಳ ನಡುವೆ ಟೆಕ್ಸಸ್‌ನ ಬಯಲಿನಲ್ಲಿ ಸಿಕ್ಕವು. ಲೋಹ ಕರಗಿದ ಕಡೆ ಕಾಗದ ಉಳಿದಿತ್ತು. ಪೀಟರ್‌ನ ಮೂಲಚಿತ್ರವಂತೂ ಜೆರುಸಲೇಮಿನಲ್ಲಿ ಸುರಕ್ಷಿತವಾಗಿಯೇ ಇತ್ತು.

ಆದರೆ ಕೊಲಂಬಿಯಾದ ಸುದ್ದಿಯೊಂದಿಗೆ ಪೀಟರ್‌ನ ಹೆಸರೂ ಚಿತ್ರವೂ ಲೋಕವೆಲ್ಲ ಸುತ್ತಿದಾಗ ಪ್ರಾಗ್‌ನಲ್ಲಿ ಒಬ್ಬಾತನಿಗೆ ಏನೋ ನೆನಪಾಯಿತು. ಹಳೆಯ ಮನೆಯೊಂದರಲ್ಲಿ ಅವನಿಗೆ ಕೆಲವು ನೋಟ್‌ಬುಕ್ಕುಗಳು ಸಿಕ್ಕಿದ್ದವು. ಕೈಬರಹ, ಚಿತ್ರ, ಅದೇ ಹುಡುಗನ ಹೆಸರು. ಅವು ಟೆರೆಜಿನ್‌ಗೆ ಹೋಗುವ ಮುಂಚೆ, 1941 ಮತ್ತು 1942ರಲ್ಲಿ, ಪೀಟರ್ ಬರೆದ ದಿನಚರಿಗಳು. ಹಾಳೆ ಸೇರಿಸಿ ಹೊಲಿದು ರಟ್ಟು ಕಟ್ಟಿದವನೂ ಅವನೇ. ಬದುಕಿ ಉಳಿದಿದ್ದ ತಂಗಿ ಖಾವಾ ಪ್ರೆಸ್‌ಬರ್ಗರ್ ಎಪ್ಪತ್ತು ದಾಟಿದ ಮೇಲೆ ಅಣ್ಣನ ಆ ಅಕ್ಷರವನ್ನು ಮತ್ತೆ ಕಂಡರು; 2004ರಲ್ಲಿ ಅದನ್ನು ಚೆಕ್ ಭಾಷೆಯಲ್ಲಿ ಅಚ್ಚು ಹಾಕಿಸಿದರು.

ನಾನು ಇಂಗ್ಲಿಷಿನಲ್ಲಿ ಓದಿದೆ. ಬಿಕ್ಕುತ್ತ ಓದಬೇಕಾದೀತು ಎಂದು ಸಜ್ಜಾಗಿಯೇ ಕೂತಿದ್ದೆ. ಹುಡುಗ ಅದಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಬೆಳಿಗ್ಗೆ ಎಲ್ಲಿದ್ದೆ, ಮಧ್ಯಾಹ್ನ ಎಲ್ಲಿ ಹೋಗಿದ್ದೆ, ಯಾವ ಗೆಳೆಯನಿಗೆ ಸಾಗಣೆಯ ಕರೆ ಬಂತು, ಶಾಲೆಯಲ್ಲಿ ಯಾರು ಯಾರಿಗೆ ಏನು ಕೀಟಲೆ ಮಾಡಿದರು, ಎಲ್ಲ ಒಂದೇ ಧಾಟಿ, ಒಂದೇ ಉಸಿರು. ಯಹೂದಿಗಳು ಏನೇನು ಮಾಡಬಾರದು ಎಂದು ಸರ್ಕಾರ ಹೊರಡಿಸಿದ ಆಜ್ಞೆಗಳನ್ನೆಲ್ಲ ಪ್ರಾಸ ಕಟ್ಟಿ ಲೇವಡಿ ಮಾಡಿದ್ದಾನೆ. ಎರಡು ಮೂರು ಕಡೆ ನನಗೆ ನಗು ತಡೆಯಲಾಗಲಿಲ್ಲ. ಬರೆಯುವಾಗ ಅವನು ಬಯಸಿದ್ದೂ ಅದನ್ನೇ ಇರಬೇಕು.